ಇಬ್ಬರೇ ಹೋಗಬೇಕಾಗಿದ್ದ ಯಾರ್ಕ್

ಯೋಜನೆ ಹಾಕುವುದರಲ್ಲಿ ನನ್ನನ್ನು ಮೀರಿಸುವವರು ನೈರೋಬಿಯ ಹೈರಿಡ್ಜ್ ಬಡಾವಣೆಯಲ್ಲಿ ಯಾರೂ ಇಲ್ಲ. ಈ ಮಾತನ್ನು ಇದುವರೆಗೆ ಬೇರೆ ಯಾರೂ ಹೇಳದ ಕಾರಣ ನಾನೇ ಹೇಳಬೇಕಾಗಿ ಬಂದಿದೆ.

ನಮ್ಮ ಮದುವೆಗೆ ಇಪ್ಪತ್ತೈದು ವರ್ಷ ತುಂಬುವುದರಲ್ಲಿತ್ತು. ಏನು ಬೇಕು ಎಂದು ಹೆಂಡತಿ ಭಾರತಿಯನ್ನು ಕೇಳಿದೆ. ಸೀರೆ ಎನ್ನುತ್ತಾಳೆಂದು ಧೈರ್ಯವಾಗಿದ್ದೆ.

"ಮೂರು ದಿನ ಎಲ್ಲಾದ್ರೂ ಹೋಗೋಣ ರೀ. ನಾವಿಬ್ಬರೇ. ನಾನು ಒಲೆ ಹಚ್ಚಬಾರದು. ಯಾರನ್ನೂ 'ಇನ್ನೊಂಚೂರು ಬಡಿಸ್ಲಾ' ಅಂತ ಕೇಳಬಾರದು. ಅಷ್ಟೇ."

ಅವಳ ಬೇಡಿಕೆಗೆ ಕಾರಣವಿತ್ತು. ಪ್ರತಿ ಭಾನುವಾರ ನಮ್ಮ ಮನೆಯಲ್ಲಿ ಹತ್ತು ಹನ್ನೆರಡು ಜನ ಕನ್ನಡಿಗರು ಊಟಕ್ಕಿರುತ್ತಾರೆ. ಅವರನ್ನೆಲ್ಲ ಕರೆಯುವವನು ನಾನು. ಬಡಿಸುವವಳು ಅವಳು. ಈ ಕೆಲಸದ ಹಂಚಿಕೆಯಲ್ಲಿ ನನಗೆ ಯಾವತ್ತೂ ಕುಂದು ಕಂಡಿರಲಿಲ್ಲ.

ನಾನು ಇಂಗ್ಲೆಂಡಿನ ಯಾರ್ಕ್ ಊರನ್ನು ಆರಿಸಿದೆ. ಹಳೆಯ ಊರು, ಸುತ್ತ ಕೋಟೆಗೋಡೆ, ನಡುವೆ ಭಾರಿ ಚರ್ಚು, ಕಲ್ಲು ಹಾಸಿದ ಓಣಿಗಳು. ಮೂರು ದಿನದ ಸಾಂಸ್ಕೃತಿಕ ಪ್ರವಾಸಕ್ಕೆ ಹೇಳಿ ಮಾಡಿಸಿದ ಜಾಗ! ಓಣಿಯೊಂದರ ಮೇಲ್ಮಹಡಿಯಲ್ಲಿ ಇಬ್ಬರಿಗೆ ಸರಿಯಾಗುವ ಒಂದು ಕೋಣೆಯನ್ನೂ ಹುಡುಕಿದೆ. ಭಾರತಿ ಅದರ ಫೋಟೋ ನೋಡಿ, "ಅಯ್ಯೋ, ಅಡುಗೆಮನೇನೇ ಇಲ್ಲ!" ಎಂದು ಸಂತೋಷದಿಂದ ಕಣ್ಣರಳಿಸಿದಳು. ಅಷ್ಟು ಖುಷಿಯನ್ನು ಅವಳ ಮುಖದಲ್ಲಿ ನೋಡಿ ಬಹಳ ದಿನವಾಗಿತ್ತು.

ಅಲ್ಲಿಗೇ ನಿಲ್ಲಿಸಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ.

ವೀಸಾದ ಬಗ್ಗೆ ಎರಡು ಮಾತು ಕೇಳೋಣವೆಂದು ನೈರೋಬಿಯ ಹರ್ಲಿಂಗ್‌ಹ್ಯಾಮ್‌ನಲ್ಲಿ ಹಲ್ಲಿನ ಕ್ಲಿನಿಕ್ ಇಟ್ಟಿರುವ ಮಂಗಳೂರಿನ ಡಾಕ್ಟರ್ ಡಿಸೋಜರ ಬಳಿ ಹೋದೆ. ಅವರು ಎಲ್ಲವನ್ನೂ ಸೊಗಸಾಗಿ ವಿವರಿಸಿದರು. ಏಳುವಾಗ ನಾನು, "ನೀವೂ ಬನ್ನಿ ಡಾಕ್ಟ್ರೇ," ಎಂದೆ.

ಇದು ಕರೆಯೋಲೆಯಲ್ಲ ಎಂಬುದು ಕನ್ನಡಿಗರಿಗೆ ಗೊತ್ತು. ಊಟಕ್ಕೆ ಕೂತವನು ಬಾಗಿಲಿಗೆ ಬಂದವನನ್ನು "ಬನ್ನಿ, ಊಟ ಮಾಡೋಣ" ಎನ್ನಬೇಕು. ಬಂದವನು "ಈಗಷ್ಟೇ ಆಯ್ತು" ಎನ್ನಬೇಕು, ಹೊಟ್ಟೆ ತಾಳ ಹಾಕುತ್ತಿದ್ದರೂ ಸರಿಯೇ! ಡಾಕ್ಟರರು ಈ ಶಾಸ್ತ್ರವನ್ನು ಪಾಲಿಸಲಿಲ್ಲ.

"ಹೌದಾ? ಬರುವಾ ಹಾಗಾದ್ರೆ! ನನ್ನ ಹೆಂಡ್ತಿ ಫ್ಲೇವಿಗೂ ಒಂದು ಚೇಂಜ್ ಬೇಕಿತ್ತು ಮಾರಾಯ್ರೆ. ಅವಳ ತಂಗಿಯೂ ಬರ್ತಾಳೆ. ಭಾನುವಾರ ಆ ದೊಡ್ಡ ಇಗರ್ಜಿಯಲ್ಲಿ ಪೂಜೆಗೆ ಹೋಗ್ಲಿಕ್ಕೂ ಆಯ್ತು!"

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಮನೆಗೆ ಬಂದು ತಲೆ ತಗ್ಗಿಸಿ ವರದಿ ಒಪ್ಪಿಸಿದೆ. ಭಾರತಿ ಕೈಯಲ್ಲಿದ್ದ ಸೌಟನ್ನು ಕೆಳಗಿಟ್ಟಳು.

"ವೀಸಾ ಕೇಳೋಕೆ ಹೋದೋರು ಡಾಕ್ಟರನ್ನೇ ಕಟ್ಕೊಂಡು ಬಂದ್ರಾ? ಹೋಗ್ಲಿ, ಒಳ್ಳೇ ಜನ. ಇನ್ಮೇಲಾದ್ರೂ ಬಾಯಿ ಮುಚ್ಕೊಂಡಿರಿ."

ಮುಚ್ಚಿಕೊಂಡೇ ಇದ್ದೆ, ಗುರುವಾರದವರೆಗೆ. ಅಂದು ಲಿಫ್ಟಿನಲ್ಲಿ ಮೇಲಿನ ಮನೆಯ ಶಶಿಧರ ಸಿಕ್ಕಿದ. ಗಿಗಿರಿ ಬಡಾವಣೆಯ ಒಂದು ಕಚೇರಿಯಲ್ಲಿ ಕೆಲಸ ಮಾಡುವ ಬೆಂಗಳೂರಿನ ಹುಡುಗ.

"ಸರ್, ಯಾರ್ಕ್‌ಗೆ ಹೋಗ್ತಿದೀರಂತೆ! ಡಾಕ್ಟ್ರು ಹೇಳಿದ್ರು. ಸೂಪರ್ ಸರ್!"

ಇಷ್ಟು ಸಂತೋಷಪಟ್ಟವನನ್ನು ಬರಿಗೈಲಿ ಕಳಿಸುವುದು ಹೇಗೆ? ಲಿಫ್ಟು ಮೂರನೇ ಮಹಡಿ ಮುಟ್ಟುವ ಮೊದಲೇ ನನ್ನ ನಾಲಿಗೆ ನನ್ನನ್ನು ಕೇಳದೆ ಕೆಲಸ ಮುಗಿಸಿಬಿಟ್ಟಿತ್ತು. ಅವನು, ಅವನ ಹೆಂಡತಿ, ಇಬ್ಬರು ಮಕ್ಕಳು, ಮೈಸೂರಿನಿಂದ ಬಂದಿದ್ದ ಅತ್ತೆ ಪದ್ಮಮ್ಮನವರು. ಇಬ್ಬರಿದ್ದವರು ಹತ್ತಾದೆವು!

ಪದ್ಮಮ್ಮನವರು ಈರುಳ್ಳಿ ಬೆಳ್ಳುಳ್ಳಿ ಮುಟ್ಟುವುದಿಲ್ಲ. ಹೋಟೆಲಿನ ನೀರೂ ಅವರಿಗೆ ಅನುಮಾನ. ಆದ್ದರಿಂದ ಓಣಿಯ ಪುಟ್ಟ ಕೋಣೆ ಹೋಗಿ, ಊರಾಚೆ ಐದು ಕೋಣೆಯ ಮನೆ ಬಂತು. ಅದಕ್ಕೆ ಭವ್ಯವಾದ ಅಡುಗೆಮನೆಯಿತ್ತು. ಫ್ಲೇವಿಯವರು ರೈಸ್ ಕುಕ್ಕರ್ ತರುವುದಾಗಿ ಘೋಷಿಸಿದರು. ಮ್ಯೂಸಿಯಂಗೆ ಇಟ್ಟಿದ್ದ ಮಧ್ಯಾಹ್ನವನ್ನು ಶಾಪಿಂಗ್ ಮಾಲ್ ನುಂಗಿತು. ಹಾಸ್ಟೆಲಿನಲ್ಲಿದ್ದ ಮಗಳಿಗೆ ಫೋನಿನಲ್ಲಿ ಹೇಳಿಕೊಂಡೆ.

"ಅಪ್ಪಾ, ಜಸ್ಟ್ ಟೆಲ್ ದೆಮ್ ನೋ!" ಎಂದಳು. ನೈರೋಬಿಯಲ್ಲಿ ಬೆಳೆದ ಮಕ್ಕಳಿಗೆ ದಾಕ್ಷಿಣ್ಯವೆಂದರೆ ಏನೆಂದು ಹೇಗೆ ತಿಳಿಯಬೇಕು?

ಭಾರತಿ ಇಷ್ಟನ್ನೂ ಸಹಿಸಿದಳು. ಎಲ್ಲರ ವೀಸಾ ಬಂತು. ಟಿಕೆಟ್ ಕೊಳ್ಳುವ ದಿನ ಬೆಳಗ್ಗೆ, ತಂಡದ ನಾಯಕನಾದ ನಾನು ಅಂತಿಮ ವೇಳಾಪಟ್ಟಿಯನ್ನು ವಾಟ್ಸಾಪ್ ಗುಂಪಿಗೆ ಹಾಕಿದೆ. ಎರಡು ಬಣ್ಣದಲ್ಲಿತ್ತು. ಮೊದಲ ಸಾಲು ಹೀಗಿತ್ತು: "ಬೆಳಗ್ಗೆ ಏಳು ಗಂಟೆ: ಉಪ್ಪಿಟ್ಟು. ಉಸ್ತುವಾರಿ: ಶ್ರೀಮತಿ ಭಾರತಿ."

ದೇವರಾಣೆ, ದುರುದ್ದೇಶವಿರಲಿಲ್ಲ. ಉಪ್ಪಿಟ್ಟು ಎಂದು ಬರೆದ ಕೈ, ಅಭ್ಯಾಸಬಲದಿಂದ ಮುಂದೆ ಅವಳ ಹೆಸರನ್ನೂ ಬರೆಯಿತು! ಗುಂಪಿನಲ್ಲಿ ಆರು ಹೆಬ್ಬೆರಳುಗಳು ಮೇಲೆದ್ದವು.

ಅವಳು ಫೋನನ್ನು ಮೇಜಿನ ಮೇಲೆ ಮೆಲ್ಲಗೆ ಇಟ್ಟಳು. ಕೂಗಾಡಿದ್ದರೆ ನನಗೆ ಇಷ್ಟು ಭಯವಾಗುತ್ತಿರಲಿಲ್ಲ.

"ಟಿಕೆಟ್ ಒಂಬತ್ತು ತಗೊಳ್ಳಿ."

"ಯಾಕೆ? ಪದ್ಮಮ್ಮನೋರು ಬರಲ್ವಂತಾ?"

"ನಾನು ಬರಲ್ಲ."

ಬೇಡಿದೆ. ಉಸ್ತುವಾರಿಯನ್ನು ನನ್ನ ಹೆಸರಿಗೆ ಬದಲಿಸಿದೆ. ಪ್ರವಾಸವನ್ನೇ ರದ್ದು ಮಾಡುತ್ತೇನೆಂದೆ. "ಎಲ್ಲರೂ ರಜಾ ಹಾಕಿದಾರೆ. ಕರೆದೋರು ನೀವು, ಕರ್ಕೊಂಡು ಹೋಗಿ," ಎಂದಳು. ತೀರ್ಪು ಬದಲಾಗಲಿಲ್ಲ.

ಹೀಗೆ ನನ್ನ ಬೆಳ್ಳಿಹಬ್ಬದ ಪ್ರವಾಸಕ್ಕೆ ಎಂಟು ಜನ ಪರರೊಡನೆ ಹೊರಟೆ. ಎಲ್ಲರೂ ಬಹಳ ಸಂತೋಷವಾಗಿದ್ದರು. ಡಾಕ್ಟರರು ಇಗರ್ಜಿಯಲ್ಲಿ ಮೈಮರೆತರು. ಮಕ್ಕಳು ಗೋಡೆಯ ಮೇಲೆ ಓಡಾಡಿದರು. ನಾನು ಎರಡು ದಿನದಲ್ಲಿ ನೋಡಿದ ಇತಿಹಾಸವೆಂದರೆ ಆ ಮನೆಯ ಹಳೆಯ ಬಾಣಲೆ. ಪದ್ಮಮ್ಮನವರು ನನ್ನ ಉಪ್ಪಿಟ್ಟು ತಿಂದು, "ಪರವಾಗಿಲ್ಲ, ಗಂಟಿದ್ರೂ ಶ್ರದ್ಧೆ ಇದೆ," ಎಂದರು.

ಮೂರನೇ ದಿನ ಸಂಜೆ ಹೇಗೋ ತಪ್ಪಿಸಿಕೊಂಡು ಕೋಟೆಗೋಡೆ ಹತ್ತಿದೆ. ಎದುರಿಗೆ ಒಂದು ಮುದಿ ಜೋಡಿ ಕೈ ಕೈ ಹಿಡಿದು, ಒಂದು ಮಾತೂ ಆಡದೆ ನಡೆದು ಬರುತ್ತಿತ್ತು. ಅವಳು ಕೇಳಿದ್ದು ಇಷ್ಟನ್ನೇ ಅಲ್ಲವೇ? ತಕ್ಷಣ ಫೋನು ಮಾಡಿದೆ.

"ಭಾರತಿ, ತಪ್ಪಾಯ್ತು. ನೀನಿಲ್ದೆ ಇಲ್ಲಿ ಏನೂ ಚೆನ್ನಾಗಿಲ್ಲ."

ಆ ಕಡೆ ಏನೋ ಸಣ್ಣ ಸದ್ದು. ಅಳುತ್ತಿದ್ದಾಳೆಂದು ಫೋನನ್ನು ಕಿವಿಗೆ ಒತ್ತಿ ಹಿಡಿದೆ. ಆಮೇಲೆ ಕರುಂ ಕರುಂ ಎಂಬ ಶಬ್ದ ಕೇಳಿತು. ಮರಗೆಣಸಿನ ಮೊಗೊ ಚಿಪ್ಸ್ ತಿನ್ನುತ್ತಿದ್ದಳು!

"ಮೂರು ದಿನದಿಂದ ಒಲೆ ಹಚ್ಚಿಲ್ಲ ರೀ. ಒಬ್ಬಳೇ ಇದೀನಿ. ಬೆಲ್ ಒಂದ್ಸಲಾನೂ ಹೊಡೆದಿಲ್ಲ, ಬರೋರೆಲ್ಲ ನಿಮ್ಮ ಜೊತೆ ಅಲ್ಲೇ ಇದಾರಲ್ಲ! ಇಂಥಾ ರಜೆ ಇಪ್ಪತ್ತೈದು ವರ್ಷದಲ್ಲಿ ಕಂಡಿರ್ಲಿಲ್ಲ." ಅವಳ ದನಿಯಲ್ಲಿ ನಿಜವಾದ ಕೃತಜ್ಞತೆಯಿತ್ತು. "ನೀವೇನೂ ಅವಸರ ಮಾಡ್ಕೊಂಡು ಬರಬೇಡಿ. ವೀಸಾ ಆರು ತಿಂಗಳಿಗೆ ಕೊಟ್ಟಿದಾರಲ್ವಾ?"

ಗೋಡೆ ಇಳಿದು ಮನೆಗೆ ಹೋಗಿ, ಒಂಬತ್ತು ಜನಕ್ಕೆ ಅಕ್ಕಿ ತೊಳೆದಿಟ್ಟೆ.