ಮಾವನ ಹಿತ್ತಲಲ್ಲಿ ಅಶೋಕನ ಕಾಲ

ಮೊದಲು ಆ ಪರಮಾತ್ಮನಿಗೆ ನಮಸ್ಕಾರ. ಅಕ್ಷರ ಕಲಿಸಿದ ಗುರುಗಳಿಗೆ, ಅನ್ನವಿಕ್ಕಿದ ತಾಯಂದಿರಿಗೆ, ಈ ಮುಪ್ಪಿನಲ್ಲಿಯೂ ನನ್ನ ನೆನಪನ್ನು ಉಳಿಸಿರುವ ಆ ಕರುಣೆಗೆ ನಾನು ಋಣಿ. ಇಷ್ಟು ಹೇಳಿಕೊಂಡ ಮೇಲೆಯೇ ನನ್ನ ಸೋದರಮಾವನ ವಿಷಯವೆತ್ತಲು ಧೈರ್ಯ ಬರುವುದು! ಏಕೆಂದರೆ, ನಿಜಾಮರ ಸೀಮೆಯಲ್ಲಿದ್ದೂ ನಿಜಾಮರ ಪ್ರಜೆಯಾಗದ ಮನುಷ್ಯರೆಂದರೆ ನಾನು ಕಂಡಂತೆ ಅವರೊಬ್ಬರೇ. ನಾವೆಲ್ಲ ಹೈದರಾಬಾದಿನ ಸರಕಾರಕ್ಕೆ ಸಲಾಮು ಹೊಡೆಯುತ್ತಿದ್ದೆವು. ಅವರು ಮಾತ್ರ, ಎರಡು ಸಾವಿರ ವರ್ಷಗಳ ಹಿಂದೆ ತೀರಿಹೋದ ಅಶೋಕ ಚಕ್ರವರ್ತಿಯ ನಿಷ್ಠಾವಂತ ಪ್ರಜೆ!

ಮಸ್ಕಿಯ ಬಂಡೆಯ ಮೇಲಿನ ಬರಹ ಅಶೋಕನದೆಂದು ಪಂಡಿತರು ಓದಿ ಹೇಳಿದ್ದೇ ಎಲ್ಲಕ್ಕೂ ಮೂಲ. ಆ ಬಂಡೆಯಿರುವ ಗುಡ್ಡದ ಬುಡದಲ್ಲಿದ್ದ ತಮ್ಮ ಹಿತ್ತಲಿಗೆ ಮಾವ ಮುಳ್ಳುಬೇಲಿ ಹಾಕಿದರು. ಅದರೊಳಗೆ ಹುಲ್ಲಿನ ಗುಡಿಸಲು, ಅರೆಯುವ ಕಲ್ಲು, ಮಣ್ಣಿನ ಗಡಿಗೆ ಇಟ್ಟು, "ಈ ಬ್ಯಾಲಿ ದಾಟಿದವ್ರು ಅಶೋಕನ ಕಾಲದವ್ರು" ಎಂದು ಸಾರಿದರು. ಶಾಲೆಯ ಮಕ್ಕಳು ಬಂದು ಒಂದು ದಿನ ಹಿಂದಿನವರಂತೆ ಬಾಳಿ ನೋಡಬೇಕೆಂಬುದು ಅವರ ಜೀವದ ಆಸೆ. ಎರಡು ವರ್ಷ ಗುಡಿಸಲನ್ನು ಸಾರಿಸಿಕೊಂಡು ಕಾದರು. ನೋಡಲು ಬಂದದ್ದು ಊರಿನ ಆಡುಗಳು ಮಾತ್ರ.

ಆಗ ನಾನು ಲಿಂಗಸುಗೂರಿನ ಶಾಲೆಯಲ್ಲಿ ಚಿಕ್ಕ ಮಕ್ಕಳ ಮಾಸ್ತರ. ಮಾವನ ಕಾಗದಗಳ ಕಾಟ ತಾಳಲಾರದೆ ಹೆಡ್‌ಮಾಸ್ತರ ಸಾಹೇಬರ ಮುಂದೆ ಕೈಮುಗಿದು ನಿಂತೆ. ಅವರು ಒಪ್ಪಿದರು, ಆದರೆ ಬೆರಳೆತ್ತಿ ಹೇಳಿದರು: "ಸಣ್ಣ ಹುಡುಗ್ರು ಮಾಸ್ತರ. ಒಂದೇ ಒಂದು ಕೂಸು ಉಪಾಸ ತಿರುಗಿ ಬಂತಂದ್ರ, ಇದೇ ಮೊದಲು, ಇದೇ ಆಖರಿ. ಖಬರ್ದಾರ್!"

ಇದನ್ನು ಮಾವನಿಗೆ ಬರೆದು ತಿಳಿಸಿದೆ. ಉತ್ತರ ಬಂತು: "ಚಕ್ರವರ್ತಿಗಳ ರಾಜ್ಯದಲ್ಲಿ ಉಪವಾಸವೆಂಬುದಿಲ್ಲ." ಇಂಥವರೊಡನೆ ಹೇಗೆ ಏಗುವುದು, ನೀವೇ ಹೇಳಿ!

ಇಪ್ಪತ್ತೆರಡು ಮಕ್ಕಳನ್ನು ಮೋಟಾರಿನಲ್ಲಿ ತುಂಬಿಕೊಂಡು ಹೊರಟೆವು. ಮಸ್ಕಿಗೆ ಇನ್ನೂ ಒಂದು ಮೈಲಿಯಿರುವಾಗ ರಸ್ತೆಯ ನಡುವೆ ಮಾವ ಕೈಚಾಚಿ ನಿಂತಿದ್ದರು.

"ಮೋಟಾರು ಎಲ್ಲಿತ್ತಲೇ ಆವಾಗ? ಇಳಿಸು ಎಲ್ಲಾರ್ನೂ. ನಡಕೋತ ಬರ್ಲಿ."

"ಮಾಮಾ, ಆರು ವರ್ಷದ ಕೂಸುಗಳದಾವ!"

"ಆರು ವರ್ಷದವ್ರು ಆವಾಗ ಇದ್ದಿದ್ದಿಲ್ಲೇನು?"

ಶಾಸ್ತ್ರಾಭ್ಯಾಸ ಮಾಡಿದ ನಾನೇ ಮೊದಲು ಇಳಿದೆ. ನಡೆದೆವು.

ಬೇಲಿಯ ಬಾಗಿಲಲ್ಲಿ ಜಪ್ತಿ ಶುರುವಾಯಿತು. ಮಕ್ಕಳ ಗುಂಡಿಯಂಗಿಗಳು ಹೋದವು, ಟೋಪಿಗಳು ಹೋದವು, ನನ್ನ ಕೊಡೆ ಹೋಯಿತು. ಕೊನೆಗೆ ಮಾವನ ಕೈ ನನ್ನ ಚಸ್ಮಾಕ್ಕೆ ಬಂತು.

"ಅದಿಲ್ದ ನನಗ ಕಣ್ಣು ಕಾಣೂದಿಲ್ಲ ಮಾಮಾ!"

"ಆ ಕಾಲದಾಗೂ ನಿನ್ನಂಥವ್ರಿಗೆ ಕಾಣ್ತಿದ್ದಿಲ್ಲ. ಒಳಗ ನಡಿ."

ಮಂಜುಗಣ್ಣಿನಲ್ಲಿ ಮಕ್ಕಳನ್ನು ಎಣಿಸಿದೆ. ಇಪ್ಪತ್ತಮೂರು! ಮತ್ತೆ ಎಣಿಸಿದೆ. ಮತ್ತೂ ಇಪ್ಪತ್ತಮೂರು! ಯಾರ ಮನೆಯ ಕೂಸನ್ನು ಹೊತ್ತು ತಂದೆನೋ ಎಂದು ಬೆವರುತ್ತಿರುವಾಗ, ಮೂಲೆಯಲ್ಲಿ ನಿಂತಿದ್ದ ಇಪ್ಪತ್ತಮೂರನೆಯದು "ಮ್ಯಾ" ಎಂದಿತು.

ಮುಂದೆ ಬೆಂಕಿಯ ಪಾಠ. ಕಡ್ಡಿಪೆಟ್ಟಿಗೆ ನಿಷಿದ್ಧ; ಕಟ್ಟಿಗೆಗೆ ಕಟ್ಟಿಗೆ ತಿಕ್ಕಬೇಕು. ಸರದಿಯಂತೆ ಮಕ್ಕಳು ತಿಕ್ಕಿದರು, ನಾನು ತಿಕ್ಕಿದೆ, ಸೂರ್ಯ ನೆತ್ತಿಗೇರಿದ. ಬೇಲಿಯಾಚೆ ಮನೆಯ ಕಟ್ಟೆಯ ಮೇಲೆ ಅಕ್ಕಿ ಆರಿಸುತ್ತಿದ್ದ ಅತ್ತೆ ಕೂಗಿದರು: "ಆ ರಾಜಗ ಹೆಂಡತಿ ಅಂತ ಒಬ್ಬಾಕಿ ಇದ್ದಿದ್ರ, ಹಿಂಗ ತಿಕ್ಕೋದು ಬಿಟ್ಟು ಮಗ್ಗಲ ಮನಿಯಿಂದ ಕೆಂಡ ತರಸ್ತಿದ್ಳು!" ಮಾವ ಬಂಡೆಯ ಕಡೆಗೆ ತಿರುಗಿದ ಕ್ಷಣದಲ್ಲಿ ಬೇಲಿಯ ಮೇಲಿಂದ ಒಂದು ಕೆಂಡ ಹಾರಿ ಬಂತು. ಒಲೆ ಹತ್ತಿಕೊಂಡಿತು. "ನೋಡಿದಿರೇನು, ಹಿರಿಯರ ವಿದ್ಯಾ!" ಎಂದು ಮಾವ ಹಿಗ್ಗಿದರು. ಸತ್ಯವ್ರತನಾದ ನಾನು ಬಗ್ಗಿ ಒಲೆ ಊದತೊಡಗಿದೆ.

ಅನರ್ಥವಾದದ್ದು ಊಟದ ಹೊತ್ತಿಗೆ. ತಾಯಂದಿರು ಕಟ್ಟಿಕೊಟ್ಟ ಬುತ್ತಿಗಳನ್ನೆಲ್ಲ ಮಾವ ಮೊದಲೇ ಕಸಿದುಕೊಂಡು ಬೇವಿನ ಗಿಡಕ್ಕೆ ತೂಗುಹಾಕಿದ್ದರು. ಏಕೆ? ಮೆಣಸಿನಕಾಯಿ ಕಡಲಾಚೆಯಿಂದ ಬಂದದ್ದು, ಅಶೋಕ ಕಂಡಿರಲಿಲ್ಲ. ಶೇಂಗಾದ ಚಟ್ನಿಪುಡಿ, ನಮ್ಮ ಹಿಂಡಿ, ಅದೂ ಅಷ್ಟೇ. ರೊಟ್ಟಿಯ ಜೋಳ ಆಗ ಇತ್ತೋ ಇಲ್ಲವೋ ಎಂಬುದು ಅವರಿಗಿನ್ನೂ ತೀರ್ಮಾನವಾಗಿರಲಿಲ್ಲ. ಆದ್ದರಿಂದ ವಿಚಾರಣೆ ಮುಗಿಯುವ ತನಕ ರೊಟ್ಟಿಯೂ ಬಂಧನದಲ್ಲಿ! ಎಲೆಗೆ ಬಂದದ್ದು ನವಣೆಯ ಅನ್ನ ಮತ್ತು ಕರಿಮೆಣಸು ಹಾಕಿದ ಹುರುಳಿಯ ಸಾರು. ಖಾರವಿಲ್ಲದೆ ತುತ್ತೆತ್ತಿ ಗೊತ್ತಿರದ ನಮ್ಮ ಸೀಮೆಯ ಕೂಸುಗಳು! ಒಂದು ಅಳತೊಡಗಿತು. ಎರಡಾಯಿತು. ಇಪ್ಪತ್ತೊಂದಾಯಿತು. ಹೆಡ್‌ಮಾಸ್ತರರ ಬೆರಳು ನನ್ನ ಕಣ್ಣ ಮುಂದೆ ಬಂತು. ಚಸ್ಮಾ ಇಲ್ಲದೆಯೂ ಅದು ಸ್ಪಷ್ಟವಾಗಿ ಕಂಡಿತು.

"ಮಾಮಾ, ಬುತ್ತಿ ಕೊಡ್ರಿ. ಇಲ್ಲಾಂದ್ರ ಮತ್ತ ಯಾವ ಮಕ್ಕಳೂ ಇಲ್ಲಿಗೆ ಬರಂಗಿಲ್ಲ."

"ಬರದಿದ್ರ ಬಿಡ್ಲಿ. ಮಕ್ಕಳಿಗೆ ಸುಳ್ಳು ಕಲಸಂಗಿಲ್ಲ ನಾನು," ಎಂದರು ಮಾವ.

ಎಲ್ಲರಿಗಿಂತ ಸಣ್ಣವಳು ಹುಸೇನಬಿ. ಅವಳೊಬ್ಬಳೇ ಅತ್ತಿರಲಿಲ್ಲ. ಎದ್ದು ಬಂದು ಮಾವನ ಧೋತರದ ಅಂಚು ಹಿಡಿದು ಕೇಳಿದಳು: "ಅಜ್ಜಾ, ಆ ಕಾಲದಾಗ ಅಮ್ಮಿ ಇದ್ದಿದ್ದಿಲ್ಲೇನು?"

"ಇದ್ಳು ಮಗಾ. ಇರದೇ ಏನು?"

"ಮತ್ತ ಆಕಿ ಬುತ್ತಿ ಕಟ್ಟಿಕೊಡ್ತಿದ್ದಿಲ್ಲೇನು?"

ಮಾವ ಬಂಡೆಯ ಕಡೆ ನೋಡಿದರು. ಆಮೇಲೆ ಬೇವಿನ ಗಿಡದ ಬುಡಕ್ಕೆ ಹೋಗಿ, ಅವಳ ಗಂಟನ್ನು ತಾವೇ ಬಿಚ್ಚಿ, ಕೆಂಪು ಖಾರ ಸವರಿದ ರೊಟ್ಟಿಯನ್ನು ಅವಳ ಎರಡೂ ಕೈಗಳಲ್ಲಿಟ್ಟರು.

"ಕಟ್ಟಿಕೊಡ್ತಿದ್ಳು ಮಗಾ. ಅಮ್ಮಿ ಕಟ್ಟಿಕೊಟ್ಟಿದ್ದನ್ನ ಕಸಗೊಳ್ಳೋ ಅಂಥ ಮುದುಕ ಮಾತ್ರ ಆವಾಗ ಒಬ್ಬನೂ ಇದ್ದಿದ್ದಿಲ್ಲ."

ಅವಳು ಒಂದು ಚೂರು ಮುರಿದು ಅವರ ಬಾಯಿಗಿಟ್ಟಳು. ಮಾವನ ಕಣ್ಣಲ್ಲಿ ನೀರು. "ಭಾಳ ಖಾರ ಐತಿ," ಎಂದರು. ಖಾರವನ್ನೇ ಉಂಡು ಬೆಳೆದ ಮನುಷ್ಯ!

ಆ ಸಂಜೆ ಹೆಡ್‌ಮಾಸ್ತರ ಸಾಹೇಬರು ಒಂದೊಂದು ಮಗುವನ್ನೂ ನಿಲ್ಲಿಸಿ ಹೊಟ್ಟೆಯ ಸಮಾಚಾರ ಕೇಳಿದರು. ಉಳಿದ ಬುತ್ತಿಗಳನ್ನೂ ಮಾವ ಗಿಡದಿಂದ ಇಳಿಸಿ ಹಂಚಿದ್ದರು; ಒಂದು ಕೂಸೂ ಉಪವಾಸವಿರಲಿಲ್ಲ. ಮರುವರ್ಷವೂ ಹೋದೆವು, ಅದರ ಮರುವರ್ಷವೂ ಹೋದೆವು. ಬುತ್ತಿಗಳನ್ನು ಮತ್ತೆ ಯಾರೂ ಕಸಿದುಕೊಳ್ಳಲಿಲ್ಲ.

ಆ ದಿನ ಅತ್ತ ಮಕ್ಕಳಿಗೆ, ಅಳದೆ ಕೇಳಿದ ಆ ಮಗುವಿಗೆ, ನಸುಕಿನಲ್ಲೆದ್ದು ರೊಟ್ಟಿ ಬಡಿದ ತಾಯಂದಿರಿಗೆ, ಕೆಂಡವೆಸೆದ ಅತ್ತೆಗೆ, ತನ್ನ ಪ್ರಾಣದಂಥ ನಿಯಮವನ್ನು ಒಂದು ಕೂಸಿಗಾಗಿ ಮುರಿದ ಆ ಹಟಮಾರಿ ಹಿರಿಯ ಜೀವಕ್ಕೆ, ಎಲ್ಲಿದ್ದರೂ ಭಗವಂತ ತಣ್ಣನೆಯ ನೆರಳನ್ನೂ ಹೊಟ್ಟೆ ತುಂಬ ಅನ್ನವನ್ನೂ ಕೊಡಲಿ.