ಸಾವ್ಕಾರ್ರ ಸರ್ವರ್ ನಿಲ್ಲಲಿಲ್ಲ

ತಿಕೋಟಾ ದಾರಿಗೆ ಇರೂ ಒಣದ್ರಾಕ್ಷಿ ಕೋಲ್ಡ್ ಸ್ಟೋರೇಜಿನ್ಯಾಗ ಕಂಪ್ಯೂಟರ್ ನೋಡ್ಕೊಳ್ಳಾಕಿ ನಾನ. ದ್ರಾಕ್ಷಿ ಪಾಪ ತಣ್ಣಗ ಸುಮ್ನ ಇರ್ತಾವ್ರಿ. ಏನರ ಆಗೂದಿದ್ರ ಅದು ನನ್ನ ಸರ್ವರ್ ಖೋಲ್ಯಾಗ ಆಗ್ತೈತಿ.

ಮುತ್ತೈದಿ ಮೆಮೊರಿ

ಮಹಾನವಮಿ ದಿನ ಲಾರಿ, ತಕ್ಕಡಿ ಎಲ್ಲಾಕ್ಕೂ ಪೂಜಿ ಇತ್ತು. ನಾನೂ ಸರ್ವರ್ ಬಂದ್ ಮಾಡಿ, ಮುಚ್ಚಳ ತೆಗೆದು, ಧೂಳ ಝಾಡಿಸಿಟ್ಟು ಹೋಳಿಗಿ ಉಣ್ಣಾಕ ಹೋದ್ನಿ. ಬರೂದ್ರಾಗ ಸ್ಟೋರೇಜಿನ ಮಾಲಕ ಸಾವ್ಕಾರ್ರ ಅವ್ವ ಒಳಗಿನ ಮೆಮೊರಿ ಪಟ್ಟಿಗೆ ಒಂದೊಂದಕ್ಕ ಅರಿಷಿಣ ಕುಂಕುಮ ಏರಿಸಿ ಕೈ ಮುಗಿಯಾಕತ್ತಿದ್ರು.

"ನೆನಪಿಡೂವು ಇವ ಅಂತ ನೀನ ಹೇಳಿದ್ದೆಲ್ಲಬೇ" ಅಂದ್ರು.

ಚಾಲೂ ಮಾಡಿದ್ರ ಸರ್ವರ್ ಬೀಪ್ ಬೀಪ್ ಅಂತ ಒದರಿ ಸುಮ್ನಾತು. ಪಟ್ಟಿ ಎಲ್ಲಾ ಕಿತ್ತು, ಸಾಲಿ ಹುಡುಗರ ರಬ್ಬರ್ ತೊಗೊಂಡು ತಿಕ್ಕಾಕ ಕುಂತ್ನಿ. ಅವ್ವ ಬಾಜೂಕ ಕುಂತು ನೋಡಿ ನೋಡಿ, "ಪೂರಾ ಅಳಿಸಬ್ಯಾಡ ತಂಗಿ, ಮುತ್ತೈದಿ ಅದು" ಅಂದ್ರು.

ಅರ್ಧ ಎಲ್ಲಿ ಹೋತು?

ಎಷ್ಟ ತಿಕ್ಕಿದ್ರೂ ಒಂದು ಪಟ್ಟಿ ಏಳಲಿಲ್ಲ, ಅದಿಲ್ಲದ ಸರ್ವರೂ ಏಳಲಿಲ್ಲ. ಹೊಸಾದು ಬರೂತನಾ ಯಾವ ರೈತನ ಪೆಟಗಿ ಯಾವ ಕೋಣ್ಯಾಗ ಐತಿ ಅಂತ ಗೊತ್ತಾಗಲಾರದ, ಮಾಲು ಒಯ್ಯಾಕ ಬಂದ ಲಾರಿ ಬಾಗಲದಾಗ ನಿಂತ್ವು. ಸಾವ್ಕಾರ್ರು, "ಇನ್ನೊಮ್ಮೆ ಇದು ನಿಂತ್ರ ನೀ ಕೆಲಸಕ್ಕ ಬರೂದು ಬ್ಯಾಡ" ಅಂದ್ರು.

ಕುಂಕುಮ ಹಚ್ಚಿದವರು ಅವರವ್ವ, ಕೆಲಸ ಹೋಗೂದು ನಂದು.

"ಹಂಗಾರ ನಾ ಹೇಳೂ ಹೊಸಾ ಸರ್ವರ್ ಕೊಡಸ್ರಿ. ಪಟ್ಟಿ ಒಂದು ಸತ್ರೂ ನಡೀತೈತಿ. ನಿಂತ್ರ ನಾನ ಚಾವಿ ಕೊಟ್ಟು ಹೋಗ್ತೀನಿ" ಅಂದ್ನಿ.

ಸರ್ವರ್ ಬಂತು. ಒಂದು ಪಟ್ಟಿದಾಗ ಬರದದ್ದು ಜೋಡಿ ಪಟ್ಟಿದಾಗೂ ಬರೀಬೇಕು, ಹಂಗ ಕೂಡಿಸಿದ್ನಿ. ಸಾವ್ಕಾರ್ರು ಪರದೆ ನೋಡಿ ಹುಬ್ಬ ಏರಿಸಿದ್ರು.

"ಎಂಟು ಪಟ್ಟಿ ತಂದೇವಿ. ಇದು ನಾಕರದ್ದಷ್ಟ ತೋರಸಾಕತ್ತೈತಿ. ಉಳಿದ ಅರ್ಧ ಎಲ್ಲಿ ಹೋತು?"

"ಇವು ಬರದದ್ದನ್ನ ಅವು ನೋಡಿ ಬರೀತಾವ್ರಿ."

"ಅಂದ್ರ ನಕಲ್ ಹೊಡ್ಯಾಕ ರೊಕ್ಕಾ ಕೊಟ್ಟೇನಿ."

"ಬಿಜ್ಜರಗಿ ತ್ವಾಟದ ಬೋರಿಗೆ ನಿಮ್ಮವು ಎಷ್ಟ ಮೋಟಾರ್ ಅದಾವ್ರಿ?"

"ಒಂದು ಬೋರಿನ್ಯಾಗ, ಒಂದು ಮನ್ಯಾಗ."

"ಮನ್ಯಾಗಿಂದು ಏನ್ ಕೆಲಸ ಮಾಡ್ತೈತ್ರಿ?"

ಸಾವ್ಕಾರ್ರು, "ಅದರ ಮ್ಯಾಲ ನಮ್ಮವ್ವ ಸಂಡಗಿ ತಾಟ ಇಡ್ತಾಳ" ಅಂದ್ರು.

ಸತ್ತಿದ್ದು ಖರೇ ಏನು?

ಬ್ಯಾಸಗಿ ಸೀಸನ್. ಲಾರಿ ಸಾಲು ಹಚ್ಚಿದ್ವು. ಮಟಮಟ ಮಧ್ಯಾಹ್ನ ಸರ್ವರಿನ ಮ್ಯಾಲ ಹಳದಿ ದೀಪ ಹತ್ತಿತು. ನೋಡಿದ್ರ ಒಂದು ಮೆಮೊರಿ ಪಟ್ಟಿ ಸತ್ತಿತ್ತು. ಆದ್ರ ಪ್ರಿಂಟರ್ ತನ್ನ ಪಾಡಿಗೆ ರೈತರ ಪೆಟಗಿ ಚೀಟಿ ಉಗುಳಾಕತ್ತಿತ್ತು. ಕಳ್ಳಕವಟಗಿ ರೈತರೊಬ್ಬರು ಚೀಟಿ ಕಿಸೇದಾಗ ಇಟ್ಕೊಂಡು ಚಾ ಕುಡ್ಯಾಕ ಹೋದ್ರು. ಗೆದ್ದಿದ್ನಿ ನಾ. ಕುಣಿಯೂದೊಂದು ಬಾಕಿ.

ಓಡಿ ಹೋಗಿ, "ಸಾವ್ಕಾರ್ರ, ಮೆಮೊರಿ ಸತ್ತೈತ್ರಿ" ಅಂದ್ನಿ, ಹಲ್ಲ ಕಿಸದು.

"ಮತ್ತ ಚೀಟಿ ಬರಾಕತ್ತಾವಲ್ಲ?"

"ಅದಕ್ಕರಿ ಮತ್ತ ಜೋಡಿ ಇಟ್ಟದ್ದು."

"ನಿಂತಿಲ್ಲ ಅಂದಮ್ಯಾಲ ಸತ್ತೈತಿ ಅಂತ ನಾ ಹ್ಯಾಂಗ ನಂಬ್ಲಿ?"

ನಿಂತಿದ್ರ ಕೆಲಸ ಹೋಗ್ತಿತ್ತು. ನಿಲ್ಲಲಿಲ್ಲಂತ ಸುಳ್ಳು ಹೇಳಾಕಿ ಆದ್ನಿ. ಸಂಜೀಕ ಲಾರಿ ಎಲ್ಲಾ ಖಾಲಿ ಆದಮ್ಯಾಲ ಸರ್ವರ್ ಆರಿಸಿ, ಸತ್ತ ಪಟ್ಟಿ ತೆಗೆದು ಅವರ ಅಂಗೈಮ್ಯಾಲ ಇಟ್ನಿ. ಹೊಳ್ಳಿಸಿ ಮಳ್ಳಿಸಿ ನೋಡಿ ಕಿಸೇದಾಗ ಇಟ್ಕೊಂಡ್ರು. ಮರುದಿನ ವಿಜಯಪುರದ ಸ್ಟೇಷನ್ ರಸ್ತೆ ಅಂಗಡಿ ಅಂಗಡಿಗೂ ಸುದ್ದಿ ಮುಟ್ಟಿತ್ತು: ಸಾವ್ಕಾರ್ರು ಮುಂದಿಂದು ವಿಚಾರ ಮಾಡಿ ಜೋಡಿ ಮೆಮೊರಿ ಹಾಕಿಸ್ಯಾರಂತ.

ಸತ್ಕಾರ

ಸೀಸನ್ ಮುಗದಮ್ಯಾಲ ಸಾವ್ಕಾರ್ರು ರೈತರನ್ನ ಸ್ಟೋರೇಜಿಗೇ ಊಟಕ್ಕ ಕರದ್ರು. ಮೈಕ್ ಹಿಡದು, "ಈ ಸಲ ಒಂದು ಲಾರೀನೂ ನಿಲ್ಲಸಲಾರದ ದುಡಿದವರಿಗೆ ಸತ್ಕಾರ" ಅಂದ್ರು. ನಾ ಸೆರಗ ಸರಿ ಮಾಡ್ಕೊಂಡು ಎದ್ದು ನಿಂತ್ನಿ. ಸಾವ್ಕಾರ್ರು ಶಾಲು ಹಿಡಕೊಂಡು ಬಂದ್ರು, ನನ್ನ ದಾಟಿ ಸೀದಾ ಸರ್ವರ್ ಖೋಲಿಗೆ ಹೋದ್ರು. ಸರ್ವರ್ ಡಬ್ಬಿಗೆ ಮುಖ ಮುಚ್ಚೂ ಹಂಗ ಶಾಲು ಹೊಚ್ಚಿದ್ರು. ಹಿಂದ ಬಂದ ಮಂದಿ ಚಪ್ಪಾಳಿ ಹೊಡದ್ರು.

ಗಾಳಿ ಕಟ್ಟಿ ಸರ್ವರ್ ಕಾದು ಬೀಪ್ ಬೀಪ್ ಅಂತ ಒದರಾಕತ್ತಿತು.

"ನೋಡ್ರಿ, ಅದಕ್ಕೂ ಖುಷಿ ಆಗೈತಿ" ಅಂದ್ರು ಅವ್ವ.

"ಖುಷಿ ಅಲ್ಲಬೇ, ಉಸುರು ಕಟ್ಟೈತಿ" ಅಂತ ನಾ ಶಾಲು ಜಗ್ಗಿದ್ನಿ. ಜರಾ ಹೊತ್ತಿಗೆ ಬೀಪ್ ನಿಂತಿತು. ಸಾವ್ಕಾರ್ರು ವಾಪಸ್ ಹೊಚ್ಚಾಕ ಕೈ ಚಾಚಿದ್ರು.

"ಹೊಚ್ಚಿದ್ರ ನಿಲ್ತೈತ್ರಿ. ನಿಂತ್ರ ಕೆಲಸ ಬಿಡಾವರು ಯಾರು, ಈ ಸಲ ನೀವ ಏನ್ರಿ?"

ಅವ್ವ ಮಗನ ಕೈ ಹಿಡದು, "ಅದಕ್ಕ ಸೆಕಿ ಆಗ್ತೈತೆಲ್ಲೋ, ಆಕಿಗೆ ಹೊಚ್ಚು" ಅಂದ್ರು. ಸಾವ್ಕಾರ್ರು ನನ್ನ ಹೆಗಲಿಗೆ ಶಾಲು ಹೊಚ್ಚಿ ಮೈಕ್ ಕೈಯಾಗ ಕೊಟ್ರು. ನಾ ಅಂದ್ನಿ:

"ಜೋಡಿ ಇರೂದ ಇದಕ್ಕ ನೋಡ್ರಿ. ಒಂದಕ್ಕ ಶಾಲು ಆಗಲಿಲ್ಲಂದ್ರ ಇನ್ನೊಂದು ತೊಗೋತೈತಿ."