ನೆತ್ತರಲ್ಲಿ ಹಾಲು ಹುಡುಕಿದ ದಿನಗಳು

ಹಸುವಿನ ಕೊರಳಿಗೆ ಸೂಜಿ ಚುಚ್ಚುವವನನ್ನು ಯಾವ ಊರಿನವರೂ ಕಾಫಿಗೆ ಕರೆಯುವುದಿಲ್ಲ. ಹಾಗಾಗಿ ಆ ನೌಕರಿಯಲ್ಲಿ ನನಗೆ ಸಿಕ್ಕಿದ್ದೆಲ್ಲ ಇಂಥ ಪ್ರಸಂಗಗಳೇ. ಎಪ್ಪತ್ತರ ದಶಕದಲ್ಲಿ ಮಂಡ್ಯದ ಒಂದು ಸಂಶೋಧನಾ ಯೋಜನೆಯಲ್ಲಿ ನಾನು ಸಹಾಯಕ. ರಕ್ತದಲ್ಲಿರುವ ಕೆಲವು ಗುರುತುಗಳನ್ನು ನೋಡಿ, ಹಸು ಮುಂದೆ ಎಷ್ಟು ಹಾಲು ಕೊಡುತ್ತದೆಂದು ಮೊದಲೇ ಹೇಳಬಹುದೇ ಎಂದು ನಮ್ಮ ಸಾಹೇಬರು ಪರೀಕ್ಷಿಸುತ್ತಿದ್ದರು. ಚುಚ್ಚುವವನು ನಾನು, ಹೇಳುವವರು ಅವರು. ಬೈಸಿಕೊಳ್ಳುವವನು ಮತ್ತೆ ನಾನು.

ಬಸ್ಸಿನಲ್ಲಿ

ಮದ್ದೂರಿನ ಕಡೆಯ ಹಳ್ಳಿಯೊಂದರಲ್ಲಿ ರಕ್ತ ತೆಗೆದು, ಬಾಟಲಿಗಳನ್ನು ಐಸಿನ ಡಬ್ಬಿಯಲ್ಲಿಟ್ಟುಕೊಂಡು ಮಂಡ್ಯದ ಬಸ್ಸು ಹತ್ತಿದೆ. ಪಕ್ಕದಲ್ಲಿ ಕೂತಿದ್ದ ಯಜಮಾನರು ಡಬ್ಬಿಯಲ್ಲೇನು ಎಂದರು. ಹಸುವಿನ ರಕ್ತ ಎಂದೆ. ಅವರು ಎದ್ದು ನಿಂತರು. ಅವರ ಹಿಂದೆ ಇಡೀ ಬಸ್ಸೇ ಎದ್ದಿತು. ಕಂಡಕ್ಟರು ಸೀಟಿ ಊದಿ ನನ್ನನ್ನು ನಡುದಾರಿಯಲ್ಲೇ ಇಳಿಸಿದ. ಈ ಬಿಸಿಲಿಗೆ ಐಸು ಕರಗಿ ರಕ್ತ ಕೆಟ್ಟುಹೋಗುತ್ತದೆ ಎಂದು ಬೇಡಿಕೊಂಡೆ. ಅವನಿಗೂ ಪಾಪ ಅನ್ನಿಸಿರಬೇಕು, ಮೆಟ್ಟಿಲ ಮೇಲಿಂದ ಬಗ್ಗಿ ಹೇಳಿದ:

"ಮನುಸರ ನೆತ್ತರಾಗಿದ್ರೆ ಇಳುಸ್ತಿರ್ಲಿಲ್ಲ ಕಣ್ರೀ."

ಸಭೆಯಲ್ಲಿ

ಭಾರತೀನಗರದ ಹತ್ತಿರದ ಊರಿನವರಿಗೆ ಈ ಕೆಲಸದ ಮಹತ್ವ ತಿಳಿಯಲಿ ಎಂದು ಸಾಹೇಬರು ಶಾಲೆಯ ಜಗಲಿಯಲ್ಲಿ ಸಭೆ ಕರೆದರು. ಕಡುಬೇಸಿಗೆ. ಹಸುಗಳ ಪಕ್ಕೆಲುಬು ದೂರಕ್ಕೇ ಕಾಣುತ್ತಿತ್ತು. ನೆತ್ತರು ಚೆನ್ನಾಗಿದ್ದರೆ ಮೇವಿಲ್ಲದಿದ್ದರೂ ಹಾಲು ಬರುತ್ತದೆಯೇ ಎಂದು ಒಬ್ಬ ರೈತ ಕೇಳಿದ. ಮೇವಿನ ವಿಷಯ ನಮ್ಮ ವಿಭಾಗಕ್ಕೆ ಬರುವುದಿಲ್ಲ ಎಂದು ಸಾಹೇಬರು ಕನ್ನಡಕ ಒರೆಸಿಕೊಂಡರು. ರೈತ ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡ.

"ಸರಿ ಬುಡಿ ಸಾ. ನಮ್ ಅಸಾನೂ ಅಂಗೇ ಅಂತದೆ, ಆಲು ನನ್ ಇಬಾಗಕ್ಕೆ ಬರಾಕಿಲ್ಲ ಅಂತ."

ಕಡಸು

ಮಳವಳ್ಳಿ ತಾಲ್ಲೂಕಿನಲ್ಲಿ, ಗಂಡ ಸತ್ತ ಹೆಂಗಸೊಬ್ಬಳ ಮನೆಯಲ್ಲಿ ಒಂದೇ ಒಂದು ಕಡಸಿತ್ತು. ಇನ್ನೂ ಕರು ಹಾಕಿರಲಿಲ್ಲ. ಅದರ ರಕ್ತ ನೋಡಿದ ಸಾಹೇಬರು, ಇದು ಹಾಲು ಕೊಡುವ ರಕ್ತವಲ್ಲ, ಸಾಕಿ ಸುಖವಿಲ್ಲ ಎಂದರು. ರಕ್ತದ ಈ ಲೆಕ್ಕ ನಿಜವೋ ಅಲ್ಲವೋ ಎಂಬ ಪರೀಕ್ಷೆಯೇ ಇನ್ನೂ ಮುಗಿದಿಲ್ಲ ಎಂಬುದನ್ನು ಮಾತ್ರ ಹೇಳಲಿಲ್ಲ. ಜೀಪಿನಲ್ಲಿ ಬಂದವರ ಮಾತು, ಅವಳು ನಂಬಿದಳು. ಅತ್ತುಕೊಂಡೇ ಕಡಸನ್ನು ಊರಿನ ಪಂಚಾಯ್ತಿ ಛೇರ್ಮನ್ನರಿಗೆ ಬಂದಷ್ಟಕ್ಕೆ ಮಾರಿಬಿಟ್ಟಳು.

ಮರುವರ್ಷ ನಾವು ಹೋದಾಗ ಅದು ಛೇರ್ಮನ್ನರ ಕೊಟ್ಟಿಗೆಯಲ್ಲಿ ಕರು ಹಾಕಿ ನಿಂತಿತ್ತು. ಊರಿಗೆಲ್ಲ ಹೆಚ್ಚು ಹಾಲು ಅದರದ್ದೇ. ಬೇರೆ ಯಾರು ಕೂತರೂ ಸೊರೆ ಬಿಡದೆ, ಹಾಲಿಳಿಸದೆ ಒದೆಯುತ್ತಿದ್ದುದರಿಂದ, ಹಾಲು ಕರೆಯುವ ಕೆಲಸಕ್ಕೆ ಛೇರ್ಮನ್ನರು ಅವಳನ್ನೇ ಇಟ್ಟುಕೊಂಡಿದ್ದರು.

ಸಾಹೇಬರು ಹಸುವನ್ನು ನೋಡಿದರು, ಅವಳನ್ನು ನೋಡಿದರು. ವಿಜ್ಞಾನದಲ್ಲಿ ಹೀಗೆ ಒಂದೊಂದು ಹೆಚ್ಚುಕಮ್ಮಿ ಆಗುತ್ತದಮ್ಮ, ಇನ್ನೊಂದು ಸಲ ರಕ್ತ ತೆಗೆದು ನೋಡೋಣ ಎಂದರು. ನಾನು ಸೂಜಿ ಹೊರತೆಗೆದೆ.

ಅವಳು ಹಾಲು ತುಂಬಿದ ಚೆಂಬನ್ನು ಕೆಳಗಿಟ್ಟು, ಸೆರಗಿಗೆ ಕೈ ಒರೆಸಿಕೊಂಡು, ಹಸುವಿಗೆ ಅಡ್ಡ ನಿಂತು ನನ್ನ ಮುಂದೆ ತೋಳು ಚಾಚಿದಳು.

"ಅದ್ನ ಬುಡಿ ಸಾ. ನನ್ ನೆತ್ತರು ತಗಂಡೋಗಿ ನೋಡಿ, ಇನ್ನೆಸ್ಟ್ ವರ್ಸ ನನ್ ಅಸಾನ ಬ್ಯಾರೇರ್ಗೆ ಕರ್ದು ಕೊಡ್ಬೇಕು ಅಂತ."